ನೀಲಿ ಗ್ಲಾಸು, ಬರೆಯದೆ ಬಿಟ್ಟ ಅಂಕ

ನಾನು ನೀಲಿ ಗಾಜಿನ ಒಂದು ಗ್ಲಾಸು. ಕುಲುಮೆಯ ಮುಂದೆ ಒಬ್ಬ ಮುದುಕ ಕಬ್ಬಿಣದ ಕೊಳವೆಯಲ್ಲಿ ಉಸಿರು ಊದಿದಾಗ ಹುಟ್ಟಿದೆ. ಪರಿಮಳ ಚೆದುರದೆ ಮೂಗಿನ ಕಡೆಗೇ ಏಳಲಿ ಎಂದು ನನ್ನ ಹೊಟ್ಟೆ ದುಂಡಗೆ, ಬಾಯಿ ಕಿರಿದು. ವಿಸ್ಕಿಯ ಹೊಂಬಣ್ಣ ಕಂಡು ಯಾರೂ ಮೋಸಹೋಗಬಾರದೆಂದು ನನಗೆ ನೀಲಿ ಬಣ್ಣ.

ಮೈಸೂರಿನಲ್ಲಿ ಸ್ಕಾಚ್ ತರಿಸಿ ಮಾರುವ ಒಂದು ಕಂಪನಿಯ ರುಚಿ ನೋಡುವ ಕೋಣೆಗೆ ಬಂದೆ. ಸ್ಕಾಟ್ಲೆಂಡಿನ ಸಣ್ಣ ತಯಾರಕರು ಹಲವು ಪೀಪಾಯಿಗಳ ವಿಸ್ಕಿಯನ್ನು ಕೈಯಾರೆ ಬೆರೆಸಿ ಮಾದರಿ ಕಳಿಸುತ್ತಿದ್ದರು. ಕಂಪನಿಗಾಗಿ ರುಚಿ ನೋಡುತ್ತಿದ್ದ ಬೋಪಯ್ಯನವರು ಅವನ್ನು ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳಿ, ನೂರಕ್ಕೆ ಇಷ್ಟೆಂದು ಅಂಕ ಬರೆಯುತ್ತಿದ್ದರು. ಎಂಬತ್ತೈದು ದಾಟಿದರೆ ಮಾತ್ರ ಕಂಪನಿ ಕೊಳ್ಳುತ್ತಿತ್ತು.

ನನ್ನನ್ನು ತೊಳೆಯುತ್ತಿದ್ದವರು ಪುಟ್ಟಗೌರಮ್ಮ. ಸೋಪಿನ ವಾಸನೆ ಉಳಿಯಬಾರದೆಂದು ಬರೀ ಬಿಸಿನೀರು. ಚಳಿಗಾಲದಲ್ಲಿ ನಾನು ಸಿಡಿಯದಂತೆ ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತಿದ್ದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಕೋಣೆಗೊಂದು ಕಟ್ಟಳೆ: ಅತ್ತರು ಬೇಡ, ಹೂವು ಬೇಡ. ಒಮ್ಮೆ ಮ್ಯಾನೇಜರು ಇನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ ಬೋಪಯ್ಯನವರು ಒಳಗಿನಿಂದ ಹೇಳಿದ್ದರು, "ಸೆಂಟು ತೊಳ್ಕೊಂಡು ಬನ್ನಿ ಸಾರ್. ಇದು ಮದುವೆ ಮನೆ ಅಲ್ಲ."

ಒಂದು ಸಲ ಜ್ವರ ಬಂದು ಹದಿನೈದು ದಿನ ಮಲಗಿದ್ದ ಬೋಪಯ್ಯನವರು ಕೆಲಸಕ್ಕೆ ಮರಳಿದರು. ಅಂದೇ ಮೊಮ್ಮಗಳ ನಾಮಕರಣ ಮುಗಿಸಿ ಓಡಿಬಂದ ಪುಟ್ಟಗೌರಮ್ಮ ಮುಡಿಯಲ್ಲಿದ್ದ ಮಲ್ಲಿಗೆಯನ್ನು ಮರೆತಿದ್ದರು. ನನ್ನನ್ನು ಮೇಜಿನ ಮೇಲಿಡಲು ಬಗ್ಗಿದಾಗ ಹೂವು ಬೋಪಯ್ಯನವರ ಮೂಗಿನಿಂದ ಒಂದು ಗೇಣು ದೂರ. ಅವರು ಕಾಗದದಿಂದ ತಲೆ ಎತ್ತದೆ ಪುಟ ತಿರುಗಿಸಿದರು. ಪುಟ್ಟಗೌರಮ್ಮನ ಕೈ ತಟ್ಟನೆ ಮುಡಿಗೆ ಹೋಗಿ ಅಲ್ಲೇ ನಿಂತಿತು.

ನನ್ನೊಳಗೆ ಒಂದು ಮಾದರಿ ಬಿತ್ತು. ಅಣ್ಣ ತಂಗಿ ಇಬ್ಬರೇ ಸೇರಿ ಆರು ವರ್ಷ ಕಾದು ಬೆರೆಸಿದ್ದೆಂದು ಜೊತೆಗಿದ್ದ ಪತ್ರ ಹೇಳುತ್ತಿತ್ತು. ಬೋಪಯ್ಯನವರು ಮೂರು ಸಲ ಮೂಸಿದರು. ನಾಲ್ಕು ಹನಿ ನೀರು ಬೆರೆಸಿ ಮತ್ತೆ ಮೂಸಿದರು. ಕೊನೆಗೆ ಹಾಳೆಯಲ್ಲಿ ಎಪ್ಪತ್ತರ ಏಳನ್ನು ಬರೆದು, ಮುಂದಿನ ಅಂಕಿಗೆ ಪೆನ್ನು ತಡೆದರು.

"ಸಾರ್, ನಾನಿವತ್ತು ಹೂ ಮುಡ್ಕಂಡ್ ಬಂದಿವ್ನಿ."

"ಯಾವಾಗಿಂದ?"

"ಬಂದಾಗಿಂದ. ನಿಮ್ ಎದುರ್ಗೇ ಇವ್ನಿ."

ಅವರು ನನ್ನನ್ನು ಮೇಜಿನ ಮೇಲಿಟ್ಟರು. "ಯಾರಿಗಾದ್ರೂ ಹೇಳಿದ್ರಾ?"

"ನಾನ್ಯಾಕ್ ಹೇಳ್ಲಿ? ನೀವೇ ಹೇಳ್ತೀರಿ."

ಅವರು ಏಳನ್ನು ಹೊಡೆದುಹಾಕಿ ಕೆಳಗೆ ಬರೆದರು: ಜ್ವರದ ನಂತರ ನನಗೆ ವಾಸನೆ ತಿಳಿಯುತ್ತಿಲ್ಲ. ಇದನ್ನು ಬೇರೆಯವರು ನೋಡಲಿ.

ಬೇರೆಯವರು ಬಂದು ನೋಡಿದರು. ಆ ಅಣ್ಣ ತಂಗಿಗೆ ಎಂಬತ್ತೆಂಟು ಸಿಕ್ಕಿತು. ಬೋಪಯ್ಯನವರು ಕೆಲಸ ಬಿಟ್ಟರು. ನೆನಪಿಗೆ ಏನು ಬೇಕೆಂದು ಕಂಪನಿಯವರು ಕೇಳಿದಾಗ ನನ್ನನ್ನು ಕೇಳಿ ಮನೆಗೆ ತಂದರು.

ಈಗ ಅವರ ಅಡುಗೆಮನೆಯ ಕಿಟಕಿಯಲ್ಲಿದ್ದೇನೆ. ಅಂಚು ಒಂದು ಕಡೆ ಮುಕ್ಕಾಗಿದೆ. ಭಾನುವಾರ ಪುಟ್ಟಗೌರಮ್ಮ ಬರುತ್ತಾರೆ. ಬೋಪಯ್ಯನವರು ನನ್ನೊಳಗೆ ಒಂದು ಚಮಚ ವಿಸ್ಕಿ ಸುರಿದು, ಮೂಸಲು ಅವರ ಕೈಗಿತ್ತು "ಹೇಳಿ" ಎನ್ನುತ್ತಾರೆ.

"ಒಣಗಿದ್ ಕಿತ್ಲೆ ಸಿಪ್ಪೆ. ಆಮೇಲೆ, ಆಲೆಮನೆ ಬೆಲ್ಲ."

"ಅಂಕ?"

"ಕುಡೀದೆ ಇರೋಳ್ನ ಕೇಳಿದ್ರೆ?"

"ಅದಕ್ಕೇ ನಿಮ್ಮ ಮೂಗು ನೆಟ್ಟಗಿರೋದು."

ಬಣ್ಣ ಮರೆಮಾಡುವುದಕ್ಕೆಂದೇ ನನ್ನನ್ನು ಮಾಡಿದರು. ಆದರೂ ನನ್ನ ಜೀವನದಲ್ಲಿ ನಾನು ಕಂಡ ದೊಡ್ಡ ಸಂಗತಿ, ಒಬ್ಬರು ಏನನ್ನೂ ಮರೆಮಾಡದೆ ಬರೆದ ಆ ಎರಡು ಸಾಲು.

ಪುಟ್ಟಗೌರಮ್ಮ ನನ್ನನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ತೊಳೆಯುತ್ತಾರೆ. ಬೋಪಯ್ಯನವರು ಕಣ್ಣು ಮುಚ್ಚಿ ಕೇಳುತ್ತಾರೆ, "ಇವತ್ತು ಹೂವಿದೆಯಾ?"

"ಐತೆ ಸಾರ್."

"ಇರಲಿ," ಎನ್ನುತ್ತಾರೆ, ಒಂದು ಉದ್ದ ಉಸಿರು ಎಳೆದುಕೊಂಡು.