ಖಾಲಿ ಬಲೆಯನ್ನು ನಂಬದವರು

ಜ್ಯೋತ್ಸ್ನಾ ಅವರ ಕೈಗೆ ಶರಬತ್ತಿನ ಲೋಟ ಕೊಟ್ಟರೆ ಮೊದಲು ಅದನ್ನು ಬೆಳಕಿಗೆ ಹಿಡಿಯುತ್ತಾರೆ, ಉಗುರಿನಿಂದ ಮೆಲ್ಲಗೆ ತಟ್ಟುತ್ತಾರೆ, ಗುಳ್ಳೆಗಳೆಲ್ಲ ಮೇಲೆದ್ದು ಒಡೆದ ಮೇಲೆಯೇ ಕುಡಿಯುತ್ತಾರೆ. ಲೋಟ ಸರಿಯಾಗಿ ತೊಳೆದಿಲ್ಲವೇನೋ ಎಂದು ಕೊಟ್ಟವರಿಗೆ ಅನುಮಾನ ಬರುವುದು ಸಹಜ. ನನಗೂ ಬಂದಿತ್ತು. ಅದು ಕಸುಬಿನ ಚಾಳಿಯೆಂದು ಆಮೇಲೆ ತಿಳಿಯಿತು.

ವಾಮಂಜೂರಿನ ಕಾಲೇಜೊಂದರಲ್ಲಿ ಅವರು ಸಂಶೋಧಕಿ. ಅಂಚೆಚೀಟಿಯಷ್ಟಗಲದ ಪಾರದರ್ಶಕ ಚಿಪ್, ಅದರೊಳಗೆ ಕೂದಲಿಗಿಂತ ಸಪೂರವಾದ ಕಾಲುವೆಗಳು; ಅಲ್ಲಿ ರೋಗಿಯ ರಕ್ತವನ್ನು ನಿಧಾನವಾಗಿ ಹರಿಯಬಿಟ್ಟರೆ ರಕ್ತಕಣಗಳು ನುಸುಳಿ ಹೋಗುತ್ತವೆ, ಗಡ್ಡೆಯಿಂದ ಕಳಚಿಕೊಂಡು ಅಲೆಯುವ ದಪ್ಪನೆಯ ಕ್ಯಾನ್ಸರ್ ಕೋಶಗಳು ಸಿಕ್ಕಿಬೀಳುತ್ತವೆ. ಒಂದು ಗುಳ್ಳೆ ಹೊಕ್ಕರೆ, ತುಸು ಅವಸರವಾದರೆ, ಇಡೀ ದಿನದ ಕೆಲಸ ನೀರುಪಾಲು. ಬೋಳಾರದ ಮೀನುಗಾರ ಯಾದವ ಅವರ ಮಗಳಾದ ಆಕೆ ಆ ಚಿಪ್ಪನ್ನು ಬಲೆಯೆಂದೇ ಕರೆಯುತ್ತಾರೆ. ಕಸುಬಿನ ನಿಧಾನ ಅವರ ನಡಿಗೆಗೂ ಇಳಿದಿತ್ತು. ಕಂಡಕ್ಟರ್ ಎಷ್ಟೇ ಸೀಟಿ ಊದಲಿ, ತುಂಬಿದ ಬಸ್ಸು ಹತ್ತುವವರಲ್ಲ; ಖಾಲಿ ಬಸ್ಸು ಬರುವವರೆಗೂ ಕೊಡೆ ಹಿಡಿದು ನಿಂತೇ ಇರುತ್ತಿದ್ದರು.

ಅವರ ಅಧ್ಯಯನಕ್ಕೆ ರಕ್ತ ಕೊಟ್ಟವರಲ್ಲಿ ನನ್ನ ಗೆಳೆಯ ಲೋಕನಾಥನೂ ಒಬ್ಬ. ಕಂಕನಾಡಿಯಲ್ಲಿ ಹೋಟೆಲು ನಡೆಸಿದವನು. ಕರುಳಿನ ಗಡ್ಡೆ ತೆಗೆಸಿಕೊಂಡು ಚೇತರಿಸಿಕೊಳ್ಳುತ್ತಿದ್ದ. ಫಲಿತಾಂಶವನ್ನು ರೋಗಿಗೆ ಹೇಳಬಾರದೆಂಬುದು ಅಧ್ಯಯನದ ನಿಯಮ. ಆದರೆ ಲೋಕನಾಥ ಫೋನಿನ ಮೇಲೆ ಫೋನು ಮಾಡಿ ಪ್ರಾಣ ಹಿಂಡಿದಾಗ ಆಕೆ ಕರಗಿ, ಈ ಸಲ ಬಲೆಗೆ ಏನೂ ಬೀಳಲಿಲ್ಲ ಎಂದುಬಿಟ್ಟರು. ಕಡಲಿನವರ ಮನೆಯಲ್ಲಿ ಆ ಮಾತಿಗೆ ಇರುವ ಅರ್ಥ ಇಷ್ಟೇ: ಇವತ್ತು ಸಿಗಲಿಲ್ಲ, ನಾಳೆ ನೋಡಬೇಕು. ಹೋಟೆಲಿನವನಿಗೆ ಅದು ರೋಗ ಹೋಯಿತೆಂಬ ತೀರ್ಪಾಗಿ ಕೇಳಿಸಿತು. ಆ ವಾರದ ಸ್ಕ್ಯಾನನ್ನು ರದ್ದು ಮಾಡಿ ಬಂಧುಬಳಗಕ್ಕೆಲ್ಲ ಹೋಳಿಗೆ ಹಂಚಿದ. ಅವನ ಹೆಂಡತಿ ಸ್ನೇಹಲತಾ ವಾಮಂಜೂರಿಗೂ ಒಂದು ಪೊಟ್ಟಣ ಕಳಿಸಿದರು, ಜೊತೆಗೆ ಇನ್ನು ಸ್ಕ್ಯಾನಿನ ಕಾಟವಿಲ್ಲವೆಂಬ ಸಂದೇಶವನ್ನೂ.

ಆ ಮಧ್ಯಾಹ್ನ ನಾನು ಲೋಕನಾಥನ ಮನೆಯಲ್ಲೇ ಕುಳಿತಿದ್ದೆ. ಜ್ಯೋತ್ಸ್ನಾ ಬಂದರು, ಪ್ರಯೋಗಾಲಯದ ಬಿಳಿ ಕೋಟು ಮೈಮೇಲೆಯೇ ಇತ್ತು, ಅದರ ಒಂದು ಗುಂಡಿ ಕಿತ್ತುಹೋಗಿತ್ತು. ತುಂಬಿದ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಬಂದಿದ್ದರು. ಕೊಟ್ಟ ಶರಬತ್ತನ್ನು ಗುಳ್ಳೆ ನೋಡದೆ ಗಟಗಟನೆ ಕುಡಿದರು. ನನಗೆ ಭಯವಾದದ್ದು ಆಗ.

“ಸರ್, ತಪ್ಪು ನನ್ನದು. ಅಪ್ಪ ಎಷ್ಟೋ ಸಲ ಖಾಲಿ ಬಲೆ ತಂದದ್ದುಂಟು. ಸಮುದ್ರದಲ್ಲಿ ಮೀನೇ ಇಲ್ಲ ಅಂತ ಒಂದು ದಿನವೂ ಹೇಳಿದ್ದಿಲ್ಲ. ನೀವು ಸ್ಕ್ಯಾನಿಗೆ ಹೋಗ್ಲೇಬೇಕು.”

ಲೋಕನಾಥನ ಮುಖ ಇಳಿಯಿತು. “ಎಂತ ಮಾರಾಯ್ತಿ, ಕೊಟ್ಟ ಸಂತೋಷವನ್ನು ವಾಪಸ್ ಕೇಳ್ಲಿಕ್ಕೆ ಬಂದದ್ದಾ?”

“ಹೌದು ಸರ್,” ಎಂದರು ಆಕೆ. ಅವನು ಬೈದ, ಬಾಗಿಲು ತೋರಿಸಿದ, ಆಕೆ ಕದಲಲಿಲ್ಲ. ಕೊನೆಗೆ ಸ್ನೇಹಲತಾ ಅವರೇ ಆಸ್ಪತ್ರೆಗೆ ಫೋನು ಹಚ್ಚಿದರು.

ಯಕೃತ್ತಿನಲ್ಲಿ ಕಡಲೆಕಾಳಿನಷ್ಟು ಒಂದು ಕಲೆ ಸಿಕ್ಕಿತು. ಚಿಕ್ಕದಿರುವಾಗಲೇ ಸಿಕ್ಕಿದ್ದರಿಂದ ತೆಗೆಯಲು ಬಂತು. ಲೋಕನಾಥ ಈಗಲೂ ರಕ್ತ ಕೊಡಲು ಹೋಗುತ್ತಾನೆ. ಫಲಿತಾಂಶ ಅವನೂ ಕೇಳುವುದಿಲ್ಲ, ಆಕೆಯೂ ಹೇಳುವುದಿಲ್ಲ.

ಒಳ್ಳೆಯ ಸುದ್ದಿ ಹೊತ್ತು ತರುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ನಾವು ಹೋಳಿಗೆ ಕೊಡುತ್ತೇವೆ. ತಾವೇ ಕೊಟ್ಟ ಒಳ್ಳೆಯ ಸುದ್ದಿಯ ಮೇಲೆ ಅನುಮಾನಪಟ್ಟು, ಅದನ್ನು ಹಿಂದಕ್ಕೆ ಪಡೆಯಲು ಉಸಿರುಗಟ್ಟಿ ಓಡಿಬರುವ ಇನ್ನೊಂದು ಜಾತಿಯ ಜನರಿದ್ದಾರೆ. ಅವರಿಗೆ ಬಾಗಿಲು ತೋರಿಸುತ್ತೇವೆ, ಮತ್ತು ಅವರು ಹೋಗದೆ ನಿಂತದ್ದರಿಂದ ಬದುಕಿರುತ್ತೇವೆ.