ದೊಡ್ಡ ಡಾಕ್ಟರ ಹೆಸರಿನ ಮೀಟಿಂಗ್

ಆ ಲ್ಯಾಬಿನಲ್ಲಿ ರಿಪೋರ್ಟ್ ವಿಭಾಗದ ಮೇಡಂ ಎಂದರೆ ಎಲ್ಲರಿಗೂ ಅಳುಕು. ಹಿಂದೊಮ್ಮೆ ಕೌಂಟರಿನ ಅಕ್ಕ ಯಾವುದೋ ನಕಲಿ ಮೇಲ್ ತೆರೆದಿದ್ದಕ್ಕೆ, "ಕಣ್ಣು ಎಲ್ಲಿಟ್ಟಿದ್ರಿ? ಕಳಿಸಿದವರ ವಿಳಾಸ ನೋಡೋಕೆ ಬರಲ್ವಾ?" ಎಂದು ಎಲ್ಲರೆದುರೇ ನೀರಿಳಿಸಿದ್ದಳು.

ಅಂಥವಳಿಗೇ ಒಂದು ಬೆಳಿಗ್ಗೆ, ವಿಭಾಗದ ಮೇಲ್ ತೆರೆದ ಕೂಡಲೇ, ದೊಡ್ಡ ಡಾಕ್ಟರ ಹೆಸರಿನಲ್ಲಿ ವಿಡಿಯೋ ಮೀಟಿಂಗಿನ ಕರೆ ಬಂತು: 'ಮೀಟಿಂಗ್ ಶುರುವಾಗಿದೆ, ನಿಮ್ಮೊಬ್ಬರಿಗಾಗಿ ಕಾಯುತ್ತಿದ್ದೇವೆ.' ಗಾಬರಿಯಲ್ಲಿ ಲಿಂಕ್ ಒತ್ತಿದಳು. ಮೇಲ್ ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಪರದೆ ಬೆಳ್ಳಗೆ ನಿಂತುಬಿಟ್ಟಿತು. ಆಮೇಲೆ ವಿಳಾಸ ನೋಡಿದರೆ ಲ್ಯಾಬಿನ ಹೆಸರಿನಲ್ಲಿ ಒಂದಕ್ಷರ ಹೆಚ್ಚು. ಅಷ್ಟರಲ್ಲಿ ಬಾಗಿಲಾಚೆ ದೊಡ್ಡ ಡಾಕ್ಟರು ಯಾರೊಂದಿಗೋ ನಗುತ್ತಾ ನಡೆದುಹೋದದ್ದು ಕೇಳಿಸಿತು.

ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಪಕ್ಕದ ಕೋಣೆಯಲ್ಲೇ ಇದ್ದ. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಕ್ಕನೆದುರು ಯಾವ ಮುಖ ಇಟ್ಟುಕೊಂಡು ಹೇಳುವುದು? ಏನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮೇಡಂ ಆ ಪುಟ ಮುಚ್ಚಿದಳು.

ಮಧ್ಯಾಹ್ನ ಫೋನು ಬಡಿದುಕೊಂಡಿತು. ಹೆಂಡತಿಯ ಗಡ್ಡೆಯ ತುಣುಕನ್ನು ಪರೀಕ್ಷೆಗೆ ಕೊಟ್ಟು ಹೋಗಿದ್ದ ಟೈಲರ್.

"ಮೇಡಂ, ರಿಪೋರ್ಟ್ ವಿಷಯ ಮಾತಾಡಬೇಕು, ತಕ್ಷಣ ವಿಡಿಯೋದಲ್ಲಿ ಬನ್ನಿ ಅಂತ ನಿಮ್ಮಲ್ಲಿಂದ ಮೇಲ್ ಬಂದಿದೆ. ಇವಳು ಅಳ್ತಾ ಕೂತಿದ್ದಾಳೆ. ಕೆಟ್ಟ ಸುದ್ದಿನಾ?"

"ಅದು ನಕಲಿ. ದಯವಿಟ್ಟು ಒತ್ತಬೇಡಿ."

"ಹಾಗಾದ್ರೆ ರಿಪೋರ್ಟ್ ಚೆನ್ನಾಗಿದೆ ಅಂತಾನಾ?"

ರಿಪೋರ್ಟ್ ಇನ್ನೂ ಬಂದಿರಲಿಲ್ಲ. ಹೌದೆನ್ನುವಂತಿಲ್ಲ, ಇಲ್ಲವೆನ್ನುವಂತಿಲ್ಲ. ತನ್ನಿಂದಾಗಿ ಒಂದು ಮನೆಯಲ್ಲಿ ಸೂತಕದ ಛಾಯೆ ಕವಿದಿದೆ. "ರಿಪೋರ್ಟ್ ಇನ್ನೂ ಬಂದಿಲ್ಲ," ಎಂದಷ್ಟೇ ಹೇಳಿ ಫೋನಿಟ್ಟಳು.

ಅದರ ಹಿಂದೆಯೇ ಇನ್ನೊಂದು ಫೋನು, ಮತ್ತೊಂದು. ಹುಡುಗ ಓಡಿಬಂದ. ವಿಭಾಗದ ಮೇಲ್ ಬಳಸುತ್ತಿದ್ದವರು ಮೇಡಂ ಮತ್ತು ಅಕ್ಕ ಇಬ್ಬರೇ. ಅವನು ನೇರವಾಗಿ ಅಕ್ಕನ ಕಡೆ ತಿರುಗಿದ. "ಮತ್ತೆ ಏನಾದ್ರೂ ಒತ್ತಿದ್ರಾ ಅಕ್ಕ?"

ಅಕ್ಕ ಸೆರಗಿನ ತುದಿ ಹಿಂಡುತ್ತಾ ನಿಂತಳು. "ನೆನಪಿಲ್ಲಪ್ಪ. ಗೊತ್ತಿಲ್ದೆ ನಾನೇ ಒತ್ತಿರ್ತೀನೇನೋ..."

ಮಾಡದ ತಪ್ಪನ್ನು ಅವಳು ಹಾಗೆ ತಲೆ ಮೇಲೆ ಎಳೆದುಕೊಳ್ಳುವುದನ್ನು ನೋಡಿ ಮೇಡಂಗೆ ಇನ್ನು ಕೂರಲಾಗಲಿಲ್ಲ.

"ಒತ್ತಿದ್ದು ನಾನು. ಬೆಳಿಗ್ಗೆಯೇ ಗೊತ್ತಾಗಿತ್ತು. ಮುಚ್ಚಿಟ್ಟೆ."

ಹುಡುಗ ದನಿ ಏರಿಸಲಿಲ್ಲ. "ಯಾರು ಬೇಕಾದ್ರೂ ಮೋಸ ಹೋಗ್ತಾರೆ ಮೇಡಂ. ಆಗಲೇ ಹೇಳಿದ್ರೆ ಪಾಸ್‌ವರ್ಡ್ ಬದಲಿಸಿ ಆ ಕಳ್ಳರನ್ನ ನಮ್ಮ ಮೇಲ್‌ನಿಂದ ಆಚೆ ಹಾಕ್ತಿದ್ದೆ. ಒಬ್ಬ ರೋಗಿಗೂ ಮೇಲ್ ಹೋಗ್ತಿರಲಿಲ್ಲ." ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಸಂಜೆಯವರೆಗೂ ಅವಳು ಒಬ್ಬೊಬ್ಬ ರೋಗಿಗೂ ಫೋನ್ ಮಾಡಿ ಕ್ಷಮೆ ಕೇಳಿದಳು. ಕೇಳದೆಯೇ ಅಕ್ಕ ಪಕ್ಕದ ಕುರ್ಚಿ ಎಳೆದುಕೊಂಡು ಅರ್ಧ ಜನರಿಗೆ ತಾನೇ ಫೋನ್ ಹಚ್ಚಿದಳು. ಅವತ್ತು ಎಲ್ಲರೆದುರು ಬೈಸಿಕೊಂಡಿದ್ದ ಅದೇ ಅಕ್ಕ.

ಆ ವಾರದಲ್ಲೇ ಟೈಲರ್ ಹೆಂಡತಿಯ ರಿಪೋರ್ಟ್ ಬಂತು. ಗಡ್ಡೆ ಅಪಾಯದ್ದಲ್ಲ. ಮೇಡಂ ಖುಷಿಯಿಂದ ತಾನೇ ಕಳಿಸಿದಳು. ಅವನು ಮೇಲ್ ತೆರೆಯಲೇ ಇಲ್ಲ. ಅಂಗಡಿ ಮುಚ್ಚಿ ಖುದ್ದು ಬಂದು ಕೌಂಟರಿನಲ್ಲಿ ನಿಂತ.

"ನಿಮ್ಮಿಂದ ಏನೋ ಬಂದಿದೆ ಮೇಡಂ. ಇದಾದ್ರೂ ನಿಜಾನಾ?"

"ನಿಜ. ಗಡ್ಡೆ ಅಪಾಯದ್ದಲ್ಲ," ಎಂದು ರಿಪೋರ್ಟನ್ನು ಅವನ ಕೈಗಿಟ್ಟಳು. ಅವನ ಮುಖ ಅರಳಿತು. ಅದನ್ನು ನೋಡಲು ಅವಳಿಗೆ ತಲೆ ಎತ್ತಲಾಗಲಿಲ್ಲ.