ಎಲ್ಲರ ಒಲೆಯ ಕೆಂಡ

"ಬೆಂಕಿ ಹಚ್ಚೂ ಜಾತೀನs ನಿಮ್ದು! ನಿಮ್ಮ ಮೈಯಾಗ ಹರಿಯೂದು ರಕ್ತ ಅಲ್ಲ, ಘಾಸಲೇಟ ಎಣ್ಣಿ!"

ಸಾಂಗ್ಲಿಯ ಕಚೇರಿಯಲ್ಲಿ ಅರಣ್ಯದ ಸಾಹೇಬ ಹೀಗೆ ಒದರುವಾಗ ಕಾಡವ್ವ ಹೊಸ್ತಿಲಾಚೆ ನೆಲದ ಮೇಲೆ ಕೂತಿದ್ದಳು. ಹೊಸದಾಗಿ ಬಂದ ಕಂಪ್ಯೂಟರಿಗೆ ಧೂಳು ತಾಗಬಾರದೆಂದು ಚಪ್ಪಲಿಯ ಜೊತೆಗೆ ಅವಳನ್ನೂ ಹೊರಗೇ ಬಿಡಿಸಿದ್ದರು. ಒಳಗೆ ಯಂತ್ರಕ್ಕೊಂದು ಫ್ಯಾನು ತಿರುಗುತ್ತಿತ್ತು. ಯಂತ್ರದ ಹಣೆಯ ಮೇಲೆ ಪೂಜೆಯ ಕುಂಕುಮ ಇನ್ನೂ ಹಸಿಯಾಗಿತ್ತು.

"ಕಾಲ ಬೀಳ್ತೇನ್ರಿ ಸಾಹೇಬ್ರ. ನನ್ನ ಗಂಡನ್ನ ಬೇಕಾದ್ರ ಒಳಗs ಇಟ್ಕೋರಿ. ಆ ಹುಲ್ಲಿನ ಪಟ್ಟಿ ಅಷ್ಟ ಸುಡಾಕ ಬಿಡ್ರಿ. ಗಾಳಿ ತಿರಗೇತಿ. ದೊಡ್ಡ್ಯಾಗ ಈದ ಕುರಿ ಅದಾವು, ತೊಟ್ಟಿಲದಾಗ ಕೂಸು ಅದಾವು."

"ಈಗ ಮದಲಿನಂಗ ಇಲ್ಲ ಬಾಯೀ. ಜಂಗಲ್, ತಹಸೀಲು, ಪಂಚಾಯ್ತಿ, ಮೂರೂ ಖಾತೇಕ ಕೂಡಿ ಒಂದs ಪ್ಲಾನು, ಒಂದs ಬಜೆಟ್ಟು. ಎಲ್ಲಿ ಸುಡಬೇಕು, ಯಾವಾಗ ಸುಡಬೇಕು, ಎಲ್ಲಾ ಇದರಾಗ ಬರತೈತಿ. ಮುಂಬೈದಾಗ ಕುಂತವರಿಗೂ ಕಾಣತೈತಿ."

"ನಮ್ಮ ಹಟ್ಟಿ ಕಾಣತೈತೇನ್ರಿ?"

ಯಂತ್ರದ ಮುಂದಿನ ಕಾರಕೂನ ಸೌರಭ ಗುಂಡಿ ಒತ್ತಿ ತಲೆಯಾಡಿಸಿದ. "ಹಟ್ಟಿ ನಾಹೀ, ಸರ್. ಮ್ಯಾಲ ಜಂಗಲ್ ಐತಿ, ಕೆಳಗ ತಹಸೀಲದಾರ್ ಸಾಹೇಬರ ಗಾಯರಾಣ, ದನಾ ಮೇಯೂ ಜಾಗಾ ಐತಿ. ನಡಕಿಂದು ಯಾರ ಪಾಲಿಗೂ ಬಂದಿಲ್ಲ."

"ಕೇಳಿದಿಲ್ಲ? ಯಾರದೂ ಅಲ್ಲದ ಜಾಗಾ ಸುಡಾಕ ಹುಕುಂ ಕೊಡಾವ್ರ ಯಾರು?"

"ಮತ್ತ ನಮ್ಮ ಹೆಸರs ಇಲ್ಲೇನ್ರಿ ಅದರಾಗ?"

"ಐತಲ್ಲ. ಬೆಂಕಿ ಬಿದ್ರ ಆರಸೂ ಆಳು ಅಂತ ಐತಿ." ಸಾಹೇಬ ನಕ್ಕ. "ಚಲ್, ನಿಘ, ಹೊಂಡ ಇಲ್ಲಿಂದ. ಕುರಿ ನಾತ ಹೊಡ್ಯಾಕತ್ತೇತಿ."

ಕಾಡವ್ವ ಎದ್ದಳು.

ಊರಿಗೆ ಮರಳಲು ಹತ್ತಿದ ಖಂಡೇರಾಜುರಿಯ ಬಸ್ಸು ಮಿರಜ ದಾಟುತ್ತಿದ್ದಂತೆ ಹೊಸ ಕಾಲನಿಗಳ ಅರ್ಧ ಕಟ್ಟಿದ ಗೋಡೆಗಳು ಹಿಂದಕ್ಕೋಡಿದವು. ಅಲ್ಲಿಗೆ ಹೋಗುವ ಜಲ್ಲಿಯೆಲ್ಲ ಅವಳ ಗುಡ್ಡದ್ದೇ. ಕಿಟಕಿಗೆ ತಲೆಯಾನಿಸಿದಾಗ ಅಜ್ಜಿಯ ದನಿ ಕಿವಿಯೊಳಗೆ ಎದ್ದಿತು. ಬೆಂಕಿ ಅನ್ನೋದು ಗುಡ್ಡದ ಹಸಿದ ಮಗಳು. ಮಾಘದಲ್ಲಿ ಹಟ್ಟಿಯ ಸುತ್ತ ಒಂದು ಪಟ್ಟಿ ಕರಡ ಹುಲ್ಲನ್ನು ಅವಳಿಗೆ ತುತ್ತಾಗಿ ಕೊಟ್ಟರೆ ಚೈತ್ರದಲ್ಲಿ ಬಂದು ಮನೆ ತಿನ್ನುವುದಿಲ್ಲ. ತುತ್ತು ಕೊಡುವ ರೀತಿಯೂ ಒಂದಿತ್ತು. ಹಟ್ಟಿಯ ಪ್ರತಿ ಒಲೆಯಿಂದ ಒಂದೊಂದು ಕೆಂಡ ಒಂದೇ ಒಡಕು ಗಡಿಗೆಯ ಬೋಕಿಗೆ ಬೀಳಬೇಕು. ಒಬ್ಬಳ ಕೆಂಡದಿಂದ ಹಚ್ಚಿದರೆ ಅದು ಹೊಟ್ಟೆಕಿಚ್ಚು, ಎಲ್ಲರ ಕೆಂಡದಿಂದ ಹಚ್ಚಿದರೆ ಕಾವಲು.

ಈ ಸಲ ಮಾಘ ಬಂದು ಹೋಯಿತು, ಬೋಕಿ ಹೊರಬೀಳಲಿಲ್ಲ. ಹುಲ್ಲು ಮುಟ್ಟಿದವರನ್ನು ಜೀಪಿನಲ್ಲಿ ಒಯ್ಯುತ್ತಾರೆಂದು ಕಾವಲುಗಾರ ಧೋಂಡಪ್ಪ ಮನೆಮನೆಗೆ ಸಾರಿದ್ದ. ಅವನೂ ಇದೇ ಹಟ್ಟಿಯವನು, ಮೈಮೇಲೆ ಮಾತ್ರ ಸರಕಾರದ ಖಾಕಿ. ಆಗ ಕಾಡವ್ವನ ಗಂಡ ಜ್ಯೋತೆಪ್ಪ, ಸಿಕ್ಕರೆ ತಾನೊಬ್ಬನೇ ಸಿಗಲಿ ಎಂದು ಯಾರಿಗೂ ಹೇಳದೆ ಕಡ್ಡಿಪೆಟ್ಟಿಗೆ ಹಿಡಿದು ಒಬ್ಬನೇ ಹೋದ. ಮೊದಲ ಕಡ್ಡಿ ಗೀರುವಾಗಲೇ ಧೋಂಡಪ್ಪನ ಸೀಟಿ ಕೂಗಿತು. ಅವನೊಬ್ಬನೇ ಸಿಕ್ಕ.

ಬಸ್ಸಿಳಿದಾಗ ಗುಡ್ಡದ ನೆತ್ತಿಯಲ್ಲಿ ಹೊಗೆ. ಆಚೆ ಮಗ್ಗುಲಲ್ಲಿ ಜಲ್ಲಿ ಒಡೆಯುವ ಕಡೆಯಿಂದ ಎದ್ದದ್ದು. ಗಾಳಿ ಅದನ್ನು ಇತ್ತಲೇ ಹೊಡೆಯುತ್ತಿತ್ತು.

ಕಾಡವ್ವ ಓಡಿದಳು. ಒಡೆದ ಗಡಿಗೆಯ ಬೋಕಿಗೆ ಬೂದಿ ಹಾಸಿ, ತನ್ನ ಒಲೆಯ ಕೆಂಡ ಇಟ್ಟುಕೊಂಡು ಮೊದಲ ಬಾಗಿಲಿಗೆ ಬಂದಳು.

"ಕೃಷ್ಣವ್ವಕ್ಕಾ, ಕೆಂಡ ಹಾಕ."

"ಬ್ಯಾಡವಾ. ನನ್ನ ಮಗಗ ಸಾಂಗ್ಲ್ಯಾಗ ಈಗರೆ ಕೆಲಸ ಹತ್ತೇತಿ."

"ಸುಟ್ಟ ಮನೀಗಿ ಪಗಾರ ತರ್ತಾನೇನ?"

ಬಾಗಿಲು ಮುಚ್ಚಿತು. ಮುಂದಿನದೂ ಮುಚ್ಚಿತು. ಅದರಾಚೆಯ ಮನೆಯಲ್ಲಿ ಒಲೆಗೆ ನೀರು ಸುರಿದ ಚುರ್ರೆಂಬ ಸದ್ದಷ್ಟೇ ಕೇಳಿತು. ದೊಡ್ಡಿಯಲ್ಲಿ ಕುರಿಗಳು ಒಂದರ ಮೇಲೊಂದು ಬಿದ್ದು ಒದರತೊಡಗಿದ್ದವು. ಕಾಡವ್ವನ ಒಂಟಿ ಕೆಂಡ ಬೂದಿಯಲ್ಲಿ ಹೂತುಹೋಯಿತು. ಊದಿದಳು. ಊದುತ್ತ ಊದುತ್ತ ಅತ್ತಳು.

"ತಾ ಇಲ್ಲೆ."

ಧೋಂಡಪ್ಪನ ಹೆಂಡತಿ ಗುರುಶಾಂತವ್ವ ಇಕ್ಕಳದಲ್ಲಿ ಕೆಂಡ ಹಿಡಿದು ನಿಂತಿದ್ದಳು. ಹಿಂದೆ ಖಾಕಿ ಅಂಗಿಯ ಗಂಡ ಕೈಯಡ್ಡ ಚಾಚಿದ.

"ಏ ಹುಚ್ಚ ರಂಡೆ, ನೌಕರಿ ಹೋಗ್ತೈತಿ!"

"ಹೋಗ್ಲಿ ಭಾಡ್ಯಾ! ಸೀಟಿ ಊದಿ ಮಂದಿ ಗಂಡನ್ನ ಹಿಡಿಸಿದಿ. ಈಗ ಊದ, ಆ ಬೆಂಕೀನೂ ನಿಂದರ್ತೈತೇನ ನೋಡೂನು."

ಕೆಂಡ ಬೋಕಿಗೆ ಬಿತ್ತು. ಕಾವಲುಗಾರನ ಮನೆಯ ಕೆಂಡ ಬಿದ್ದದ್ದನ್ನು ಕಂಡಿಗಳಿಂದ ನೋಡುತ್ತಿದ್ದ ಹಟ್ಟಿ ಒಮ್ಮೆಲೇ ಬಾಗಿಲು ತೆರೆಯಿತು. ನೀರು ಸುರಿದವಳೂ ಅರ್ಧ ಆರಿದ ಕೊಳ್ಳಿಯನ್ನು ಹಿಡಿದುಕೊಂಡೇ ಓಡಿಬಂದಳು. ಕೃಷ್ಣವ್ವನೂ ಬಂದಳು. ಕೆಂಡ ಹಾಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆಗ ಜೀಪು ಬಂತು.

"ಎಲ್ಲಾರೂ ಬೆಂಕಿ ಬಡ್ಯಾಕ ಹಸಿ ತಪ್ಪಲ ಟೊಂಗಿ ಹಿಡಕೊಂಡ ನಡೀರಿ!" ಸಾಹೇಬ ಇಳಿಯುವ ಮೊದಲೇ ಕೂಗಿದ. "ಮದಲ ಮ್ಯಾಲಿನ ನೆಡುತೋಪು ಉಳಸ್ರಿ. ಪ್ಲಾನಿನಾಗ ಹಂಗs ಐತಿ."

ಯಾರೂ ತಪ್ಪಲು ಮುರಿಯಲಿಲ್ಲ. ಕಾಡವ್ವ ಹುಲ್ಲಿನ ಅಂಚಿನಲ್ಲಿ ನಿಂತು ಅಜ್ಜಿ ಕೂಗುತ್ತಿದ್ದಂತೆ ಕೂಗಿದಳು, "ಮೊಲಾ, ಗೌಜಲಾ, ಹಾವಾ ಹುಳಾ, ಏಳ್ರಿ, ದಾರಿ ಬಿಡ್ರಿ!" ಬೋಕಿ ಬಗ್ಗಿಸಿ ಒಂದಿಷ್ಟು ಕೆಂಡ ಸುರಿದಳು. ಕರಡ ಹುಲ್ಲು ಚಟಚಟನೆ ಹೊತ್ತಿತು.

"ಯಾರ ಹಚ್ಚಿದ್ದು? ನಾ ಕಣ್ಣಾರೆ ನೋಡೇನಿ! ಹೆಸರ ಹೇಳ! ಹೆಸರಿಲ್ದ ಕೇಸ ಆಗೂದಿಲ್ಲ!"

ಕಾಡವ್ವ ಉಳಿದ ಕೆಂಡದ ಬೋಕಿಯನ್ನು ಅವನ ಎದೆಮಟ್ಟಕ್ಕೆ ಎತ್ತಿ ಹಿಡಿದಳು. ಬಿಸಿಗೆ ಅಂಗೈ ಸುಡುತ್ತಿದ್ದರೂ ಬಿಡಲಿಲ್ಲ.

"ಆರಿಸ್ಕೋರಿ ಸಾಹೇಬ್ರ. ಯಾವ ಕೆಂಡ ಯಾರ ಮನೀದು, ನೀವs ಹೇಳ್ರಿ."

ಸಾಹೇಬ ಧೋಂಡಪ್ಪನತ್ತ ತಿರುಗಿದ. ಧೋಂಡಪ್ಪ ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

ಹಟ್ಟಿಯ ಬೆಂಕಿ ಕುಳ್ಳಗಿನದು, ದೊಡ್ಡ ಬೆಂಕಿಗೆ ತುತ್ತು ಉಳಿಯದಂತೆ ಬಗ್ಗಿ ಬಗ್ಗಿ ಹುಲ್ಲು ಮೇಯುತ್ತ ಮೇಲೆ ಹೊರಟಿತ್ತು. ಗುಡ್ಡದ ಬೆಂಕಿ ಮರದೆತ್ತರ, ಕೆಳಗೆ ಓಡಿ ಬರುತ್ತಿತ್ತು. ಎರಡರ ನಡುವಿನ ಹಳದಿ ಹುಲ್ಲಿನಿಂದ ಒಂದು ಮೊಲ ಹೊರಬಿದ್ದು, ಜೀಪಿನ ಕೆಳಗೆ ನುಗ್ಗಿ, ಅಲ್ಲೇ ಏದುಸಿರು ಬಿಡುತ್ತ ಕೂತಿತು.